ನರವ್ಯೂಹದ ಪದಗಳು ಕೈವಶವಾಗಲು ಹನ್ನೊಂದು ಸೂತ್ರಗಳು

2013ರ ಜನವರಿಯಲ್ಲಿ ಮುಂಡಗೋಡ ಬಳಿಯ ಟಿಬೆಟನ್ ಕಾಲೊನಿಯ ಡ್ರೆಪುಂಗ್ ಮಠದಲ್ಲಿ ಆರು ದಿನ ಒಂದು ಸಂವಾದ ನಡೆಯಿತು. ಒಂದು ಕಡೆ ದಲೈ ಲಾಮಾ, ಇನ್ನೊಂದು ಕಡೆ ರಿಚರ್ಡ್ ಡೇವಿಡ್‌ಸನ್, ಕ್ರಿಸ್ಟಾಫ್ ಕಾಖ್ ಮೊದಲಾದ ಮೆದುಳು ವಿಜ್ಞಾನಿಗಳು. ಕೇಳಲು ಕೂತವರು ಸಾವಿರಾರು ಭಿಕ್ಷುಗಳು. ಮರುವರ್ಷ ಅಮೆರಿಕದ ಎಮರಿ ವಿಶ್ವವಿದ್ಯಾಲಯದ ನೆರವಿನಿಂದ ಮುಂಡಗೋಡದ ಡ್ರೆಪುಂಗ್ ಮತ್ತು ಗಾಂದೆನ್ ಮಠಗಳ ಓದಿಗೆ ಭೌತವಿಜ್ಞಾನ, ಜೀವವಿಜ್ಞಾನದ ಜೊತೆ ನರವಿಜ್ಞಾನವೂ ಸೇರಿತು. ನರಕೋಶ, ಸಿನಾಪ್ಸ್, ನರವಾಹಕ ಇಂಥ ಎಷ್ಟೋ ಪದಗಳಿಗೆ ಟಿಬೆಟನ್ ಭಾಷೆಯಲ್ಲಿ ಹೆಸರೇ ಇರಲಿಲ್ಲ. ಅನುವಾದಕರು ಒಂದೊಂದನ್ನೂ ಹೊಸದಾಗಿ ಕಟ್ಟಿ, ಎರಡು ಭಾಷೆಯ ಪಠ್ಯಪುಸ್ತಕ ಮಾಡಿಕೊಟ್ಟರು. ಶಾಲೆಯಲ್ಲಿ ವಿಜ್ಞಾನ ಓದದ ಭಿಕ್ಷುಗಳು ಕೂಡ ಅದನ್ನು ಹಿಡಿದು ಕೂತು ಕಲಿತರು.

ಅದೇ ಮುಂಡಗೋಡ, ಹಳಿಯಾಳ, ದಾಂಡೇಲಿ, ಜೋಯಿಡಾದ ಹುಡುಗ ಹುಡುಗಿಯರು ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ಓದಿ, ಪಿಯುಸಿ ವಿಜ್ಞಾನಕ್ಕೋ ನರ್ಸಿಂಗಿಗೋ ಸೇರಿದ ಕೂಡಲೇ ನರವ್ಯೂಹದ ಪಾಠದಲ್ಲಿ ಸೋತು ಕೂರುತ್ತಾರೆ. ಬುದ್ಧಿ ಸಾಲದೆ ಅಲ್ಲ. ಪದಗಳನ್ನು ಪಟ್ಟಿಯಾಗಿ ಕೊಟ್ಟು ಬಾಯಿಪಾಠ ಮಾಡಿ ಎಂದು ಬಿಟ್ಟುಬಿಡುವುದರಿಂದ. ಪ್ರತಿ ಪದಕ್ಕೂ ಮೈಯಲ್ಲಿ ಒಂದು ಜಾಗವಿದೆ, ಒಂದು ದಿಕ್ಕಿದೆ, ಒಂದು ಕೆಲಸವಿದೆ. ಮೂರನ್ನೂ ಸೇರಿಸಿ ಕಲಿತರೆ ಪದ ಮರೆಯುವುದಿಲ್ಲ. ಈ ಸೂತ್ರಗಳೆಲ್ಲ ಆ ಒಂದೇ ಕೆಲಸಕ್ಕಾಗಿ.

1. ಮೊದಲು ‘ನರ’ ಅಂದರೆ ಯಾವುದು ಎಂದು ಖಚಿತ ಮಾಡಿಕೊಳ್ಳಿ

ಮನೆಯಲ್ಲಿ ನಾವು ‘ಕೈಯ ನರ ಎದ್ದು ಕಾಣ್ತದೆ’ ಎನ್ನುತ್ತೇವೆ. ‘ನರಕ್ಕೆ ಇಂಜೆಕ್ಷನ್ ಕೊಟ್ರು’ ಎನ್ನುತ್ತೇವೆ. ಈ ಎರಡೂ ಕಡೆ ಇರುವುದು ರಕ್ತನಾಳ, ಅಂದರೆ ಅಭಿಧಮನಿ. ಹಿಮ್ಮಡಿಯ ಹಿಂದಿನ ಗಟ್ಟಿ ಹುರಿಗೂ ನರ ಎಂದೇ ಹೇಳುವವರಿದ್ದಾರೆ. ಅದು ಸ್ನಾಯುರಜ್ಜು, ಟೆಂಡನ್. ಪುಸ್ತಕದ ನರ ಇವೆರಡೂ ಅಲ್ಲ. ಅದರಲ್ಲಿ ರಕ್ತ ಹರಿಯುವುದಿಲ್ಲ, ಅದು ಎಳೆಯುವುದೂ ಇಲ್ಲ. ನರಕೋಶಗಳ ಉದ್ದನೆಯ ಎಳೆಗಳು ಕಟ್ಟುಕಟ್ಟಾಗಿ ಸೇರಿ ಆದದ್ದು ನರ. ಸುದ್ದಿ ಸಾಗಿಸುವುದು ಅದರ ಕೆಲಸ.

ನಿಮ್ಮ ಮೊಣಕೈಯ ಒಳಬದಿಯ ಎಲುಬಿನ ಹಿಂದೆ ಬೆರಳಿಟ್ಟು ಮೆಲ್ಲಗೆ ಒತ್ತಿ. ಕಿರುಬೆರಳಿನವರೆಗೆ ಜುಮ್ ಎನ್ನುತ್ತದಲ್ಲ, ಅದು ಅಲ್ನಾರ್ ನರ. ಇಡೀ ಪಾಠದಲ್ಲಿ ನೀವು ಕೈಯಾರೆ ಮುಟ್ಟಬಹುದಾದ ಮೊದಲ ನರ ಇದೇ ಆಗಿರಲಿ.

ಟಿಬೆಟನ್ ಭಾಷೆಯಲ್ಲೂ ‘ತ್ಸ’ ಎಂಬ ಒಂದೇ ಪದ ರಕ್ತನಾಳಕ್ಕೂ ನರಕ್ಕೂ ಬಳಕೆಯಲ್ಲಿದೆ. ಮಠದ ತರಗತಿಯೂ ಈ ಗೊಂದಲವನ್ನು ಬಿಡಿಸಿಕೊಂಡೇ ಮುಂದೆ ಹೋಗಬೇಕು.

2. ಮನೆಮಾತು ಮರಾಠಿಯಾದರೆ ಅದನ್ನು ಬಂಡವಾಳ ಮಾಡಿಕೊಳ್ಳಿ

ಹಳಿಯಾಳ, ಜೋಯಿಡಾ ಕಡೆಯ ಮಕ್ಕಳಿಗೆ ಇದು ಮುಖ್ಯ. ಮರಾಠಿಯಲ್ಲಿ ನರವ್ಯೂಹಕ್ಕೆ ‘ಮಜ್ಜಾಸಂಸ್ಥಾ’, ಬೆನ್ನುಹುರಿಗೆ ‘ಮಜ್ಜಾರಜ್ಜು’. ಕನ್ನಡಕ್ಕೆ ಬಂದರೆ ಮಜ್ಜೆ ಎಂದರೆ ಎಲುಬಿನೊಳಗಿನ ಅಸ್ಥಿಮಜ್ಜೆ. ಹಾಗಾಗಿ ಮೊದಮೊದಲು ತಲೆ ಕೆಡುತ್ತದೆ. ಆದರೆ ಗ್ರೀಕರೂ ಹೀಗೇ ಮಾಡಿದ್ದಾರೆ: ಅವರ ‘ಮ್ಯೆಲೋಸ್’ ಎಂದರೆ ಮಜ್ಜೆ, ಅದೇ ಪದವನ್ನು ಬೆನ್ನುಹುರಿಗೂ ಬಳಸಿದರು. ಆದ್ದರಿಂದಲೇ ಇಂಗ್ಲಿಷಿನ ವೈದ್ಯ ಪದಗಳಲ್ಲಿ ಮಯಲೊ ಎಂಬ ತುಂಡು ಎರಡೂ ಕಡೆ ಬರುತ್ತದೆ. ಆಸ್ಟಿಯೊಮಯಲೈಟಿಸ್ ಎಲುಬು–ಮಜ್ಜೆಯ ಉರಿಯೂತ; ಪೋಲಿಯೊಮಯಲೈಟಿಸ್ ಬೆನ್ನುಹುರಿಯ ಬೂದು ಭಾಗದ ಉರಿಯೂತ. ಮರಾಠಿ ಬಲ್ಲ ವಿದ್ಯಾರ್ಥಿಗೆ ಈ ನಂಟು ತಟ್ಟನೆ ಹೊಳೆಯುತ್ತದೆ. ಮನೆಮಾತನ್ನು ಮರೆತು ಬಾ ಎಂದು ತರಗತಿಯಲ್ಲಿ ಹೇಳುವುದು ತಪ್ಪು ಎಂದೇ ನಾನು ತಿಳಿಯುತ್ತೇನೆ.

3. ಪದವನ್ನು ಮುರಿಯಿರಿ, ತುಂಡುಗಳನ್ನು ಕಲಿಯಿರಿ

ಹದಿನೈದು ತುಂಡು ಗೊತ್ತಿದ್ದರೆ ನೂರಾರು ಪದ ಬಿಚ್ಚಿಕೊಳ್ಳುತ್ತವೆ. ಎನ್ಸೆಫಲೊ ಮೆದುಳು, ಮೆನಿಂಗೊ ಮೆದುಳಿನ ಹೊದಿಕೆ, ನ್ಯೂರೊ ನರ. ಕೊನೆಗೆ ಐಟಿಸ್ ಬಂದರೆ ಉರಿಯೂತ, ಆಲ್ಜಿಯ ಬಂದರೆ ನೋವು, ಪಥಿ ಬಂದರೆ ರೋಗ, ಪ್ಲೀಜಿಯ ಬಂದರೆ ಪೂರ್ಣ ಲಕ್ವ, ಪರೇಸಿಸ್ ಬಂದರೆ ಅರೆಬಲ. ಹೆಮಿ ಅಂದರೆ ಒಂದು ಪಕ್ಕ. ಪ್ಯಾರಾಪ್ಲೀಜಿಯದಲ್ಲಿ ಎರಡೂ ಕಾಲು, ಕ್ವಾಡ್ರಿಪ್ಲೀಜಿಯದಲ್ಲಿ ಕೈಕಾಲು ನಾಲ್ಕೂ.

ನಮ್ಮ ಜಿಲ್ಲೆಯವರಿಗೆ ಇದನ್ನು ಅಭ್ಯಾಸ ಮಾಡಲು ಮಂಗನ ಕಾಯಿಲೆಯೇ ಸಾಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣ್ಣೆಯಿಂದ ಹರಡುತ್ತದೆ. ಕೆಲವರಿಗೆ ಮೊದಲ ಜ್ವರ ಇಳಿದು ಒಂದೆರಡು ವಾರದ ಮೇಲೆ ಮತ್ತೆ ಜ್ವರ ಬರುತ್ತದೆ. ಆಗ ವಿಪರೀತ ತಲೆನೋವು, ಕುತ್ತಿಗೆ ಬಿಗಿತ, ಕೈನಡುಕ, ಮನಸ್ಸಿನ ಗೊಂದಲ. ವೈದ್ಯರ ಚೀಟಿಯಲ್ಲಿ ಅದು ಮೆನಿಂಗೊಎನ್ಸೆಫಲೈಟಿಸ್. ಮುರಿದು ನೋಡಿ: ಹೊದಿಕೆ, ಮೆದುಳು, ಉರಿಯೂತ. ಕುತ್ತಿಗೆ ಬಿಗಿತ ಹೊದಿಕೆಯ ಲಕ್ಷಣ, ಗೊಂದಲ ಮೆದುಳಿನ ಲಕ್ಷಣ. ಇಷ್ಟುದ್ದದ ಪದ ರೋಗಿಯ ಸ್ಥಿತಿಯನ್ನು ಪೂರ್ತಿ ಹೇಳಿಬಿಟ್ಟಿತು.

ಒಂದು ಎಚ್ಚರಿಕೆ: ಡಿಸ್‌ಫೇಸಿಯ ಮಾತಿನ ತೊಂದರೆ, ಡಿಸ್‌ಫೇಜಿಯ ನುಂಗುವ ತೊಂದರೆ. ಪರೀಕ್ಷೆಯಲ್ಲಿ ಇದು ಒಂದು ಅಂಕದ ತಪ್ಪು. ವಾರ್ಡಿನಲ್ಲಿ, ನುಂಗಲಾರದ ರೋಗಿಯ ಬಾಯಿಗೆ ನೀರು ಹಾಕಿದಂತಾಗುತ್ತದೆ.

4. ದಿಕ್ಕು ತಿಳಿಯದೆ ಹೆಸರು ಕಲಿಯಬೇಡಿ

ಎಡ–ಬಲ ಯಾವಾಗಲೂ ರೋಗಿಯದು, ನಿಮ್ಮದಲ್ಲ. ಮೆದುಳಿನ ಬಲ ಅರ್ಧಗೋಳ ಮೈಯ ಎಡಬದಿಯನ್ನು ಆಳುತ್ತದೆ. ಡಾರ್ಸಲ್ ಬೆನ್ನಿನ ಕಡೆ, ವೆಂಟ್ರಲ್ ಹೊಟ್ಟೆಯ ಕಡೆ. ಬೆನ್ನುಹುರಿಯಲ್ಲಿ ಸಂವೇದನೆ ಡಾರ್ಸಲ್ ಬೇರಿನಿಂದ ಒಳಬರುತ್ತದೆ, ಚಲನೆಯ ಆಜ್ಞೆ ವೆಂಟ್ರಲ್ ಬೇರಿನಿಂದ ಹೊರಡುತ್ತದೆ.

ಅಫೆರೆಂಟ್, ಎಫೆರೆಂಟ್ ಎಂಬ ಜೋಡಿಯಲ್ಲಿ ಎಡವದವರೇ ಕಡಿಮೆ. ಹುಬ್ಬಳ್ಳಿಯ ಬಸ್ ನಿಲ್ದಾಣವನ್ನು ಮೆದುಳು–ಬೆನ್ನುಹುರಿ ಎಂದುಕೊಳ್ಳಿ. ದಾಂಡೇಲಿ, ಹಳಿಯಾಳ, ಮುಂಡಗೋಡದಿಂದ ಬರುವ ಬಸ್ಸುಗಳೆಲ್ಲ ಅಫೆರೆಂಟ್, ಅಲ್ಲಿಂದ ಊರುಗಳಿಗೆ ಹೊರಡುವುವೆಲ್ಲ ಎಫೆರೆಂಟ್. ‘ಅ’ ಎಂದರೆ ಆಗಮನ ಎಂದು ನೆನಪಿಟ್ಟರೆ ಉಳಿದದ್ದು ತಾನೇ ನಿರ್ಗಮನ. ಜ್ಞಾನವಾಹಿ ನರ ಅಫೆರೆಂಟ್, ಕ್ರಿಯಾವಾಹಿ ನರ ಎಫೆರೆಂಟ್.

5. ಕೆಲವೇ ಅಂಕಿ, ಆದರೆ ಕಾರಣ ಸಹಿತ

ಮೆದುಳಿನಿಂದ ಹೊರಡುವ ಕಪಾಲ ನರಗಳು 12 ಜೋಡಿ. ಬೆನ್ನುಹುರಿಯಿಂದ ಹೊರಡುವುವು 31 ಜೋಡಿ: ಕುತ್ತಿಗೆಯಲ್ಲಿ 8, ಎದೆಯಲ್ಲಿ 12, ಸೊಂಟದಲ್ಲಿ 5, ತ್ರಿಕದಲ್ಲಿ 5, ಬಾಲದೆಲುಬಿನಲ್ಲಿ 1. ಕುತ್ತಿಗೆಯ ಕಶೇರುಗಳು ಏಳೇ, ನರ ಮಾತ್ರ ಎಂಟು ಜೋಡಿ. ಯಾಕೆಂದರೆ ಮೊದಲ ಜೋಡಿ ತಲೆಬುರುಡೆಗೂ ಮೊದಲ ಕಶೇರುವಿಗೂ ನಡುವೆ ಹೊರಬರುತ್ತದೆ, ಎಂಟನೆಯದು ಏಳನೆಯ ಕಶೇರುವಿನ ಕೆಳಗೆ.

ಬೆನ್ನುಹುರಿ ಬೆನ್ನೆಲುಬಿನಷ್ಟು ಉದ್ದ ಇರುವುದಿಲ್ಲ. ದೊಡ್ಡವರಲ್ಲಿ ಅದು ಸೊಂಟದ ಒಂದನೇ, ಎರಡನೇ ಕಶೇರುವಿನ ಹತ್ತಿರವೇ ಮುಗಿಯುತ್ತದೆ. ‘ಬೆನ್ನಿಂದ ನೀರು ತೆಗೆದರೆ ಕಾಲು ಹೋಗ್ತದೆ’ ಎಂದು ಊರಲ್ಲಿ ಹೆದರುವವರಿಗೆ ಈ ಅಂಕಿಯೇ ಉತ್ತರ. ಸೂಜಿ ಹಾಕುವುದು ಅದರ ಕೆಳಗೆ, ಮೂರನೇ–ನಾಲ್ಕನೇ ಅಥವಾ ನಾಲ್ಕನೇ–ಐದನೇ ಕಶೇರುಗಳ ನಡುವೆ. ಅಲ್ಲಿ ಬೆನ್ನುಹುರಿಯೇ ಇಲ್ಲ.

ನರಕೋಶಗಳು ಸುಮಾರು 8,600 ಕೋಟಿ. ಮೆದುಳಿನ ತೂಕ ಸುಮಾರು 1.4 ಕಿಲೊ, ಮೈತೂಕದ ಶೇ 2ರಷ್ಟು. ದೇಹದ ಶಕ್ತಿಯಲ್ಲಿ ಶೇ 20ರಷ್ಟು ಬಳಸುವುದು ಅದೇ.

6. ಮೈಮೇಲೆ ಪ್ರಯೋಗ ಮಾಡಿ

ಮೇಜಿನ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರಿ. ಗೆಳತಿಯೊಬ್ಬಳು ಮಂಡಿಚಿಪ್ಪಿನ ಕೆಳಗೆ ಅಂಗೈಯ ಅಂಚಿನಿಂದ ಮೆಲ್ಲಗೆ ಹೊಡೆಯಲಿ. ಕಾಲು ತಾನಾಗಿ ಎಗರುತ್ತದೆ. ಸುದ್ದಿ ಜ್ಞಾನವಾಹಿ ನರದಲ್ಲಿ ಬೆನ್ನುಹುರಿಗೆ ಹೋಯಿತು, ಅಲ್ಲಿ ಒಂದೇ ಒಂದು ಸಿನಾಪ್ಸ್ ದಾಟಿ ಕ್ರಿಯಾವಾಹಿ ನರ ಹಿಡಿದು ತೊಡೆಗೆ ಮರಳಿತು. ಕಾಲು ಎಗರಲು ಮೆದುಳಿನ ಅಪ್ಪಣೆ ಬೇಕಿರಲಿಲ್ಲ. ಇದೇ ಪರಾವರ್ತಿತ ಪ್ರತಿಕ್ರಿಯೆ, ಸುದ್ದಿ ಹೋಗಿಬಂದ ದಾರಿ ಪರಾವರ್ತಿತ ಚಾಪ.

ಕಾಲ್ಬೆರಳು ಹೊಸ್ತಿಲಿಗೆ ಎಡವಿದಾಗ ಗಮನಿಸಿ. ತಾಗಿದ್ದು ಆ ಕ್ಷಣವೇ ತಿಳಿಯುತ್ತದೆ. ಜೀವ ಹಿಂಡುವ ಉರಿನೋವು ಆಮೇಲೆ ಬರುತ್ತದೆ. ಸ್ಪರ್ಶದ ಎಳೆಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇರುತ್ತದೆ, ಸುದ್ದಿ ಸೆಕೆಂಡಿಗೆ 50 ಮೀಟರಿಗೂ ಹೆಚ್ಚು ವೇಗದಲ್ಲಿ ಓಡಬಲ್ಲದು. ಉರಿನೋವಿನ ಸಣ್ಣ ಎಳೆಗಳಿಗೆ ಆ ಹೊದಿಕೆ ಇಲ್ಲ, ವೇಗ ಸೆಕೆಂಡಿಗೆ ಸುಮಾರು 1 ಮೀಟರ್. ಬೆರಳಿನಿಂದ ಬೆನ್ನುಹುರಿಗೆ ಹತ್ತಿರ ಹತ್ತಿರ ಒಂದು ಮೀಟರ್ ದೂರ, ಅಂದರೆ ಒಂದು ಸೆಕೆಂಡು. ಮಯಲಿನ್ ಏನು ಮಾಡುತ್ತದೆ ಎಂದು ಇನ್ನು ಯಾರೂ ನಿಮಗೆ ಹೇಳಿಕೊಡಬೇಕಿಲ್ಲ.

7. ಸಿನಾಪ್ಸ್‌ಗೆ ಹೆಚ್ಚು ಹೊತ್ತು ಕೊಡಿ

ಇಡೀ ಪಾಠದಲ್ಲಿ ಒಂದನ್ನೇ ಆಳವಾಗಿ ಕಲಿಯುವುದಾದರೆ ಇದನ್ನು ಕಲಿಯಿರಿ. ಒಂದು ನರಕೋಶ ಮುಗಿದು ಇನ್ನೊಂದು ಶುರುವಾಗುವ ಕಡೆ ಒಂದು ಸಣ್ಣ ಸಂದು ಇದೆ, ಒಂದು ಮಿಲಿಮೀಟರಿನ ಲಕ್ಷ ಭಾಗದಲ್ಲಿ ಎರಡು ಮೂರು ಪಾಲು. 1897ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಈ ಜಾಗಕ್ಕೆ ಸಿನಾಪ್ಸ್ ಎಂದು ಹೆಸರಿಟ್ಟರು. ಸುದ್ದಿ ಈ ಸಂದನ್ನು ರಾಸಾಯನಿಕವಾಗಿ ದಾಟಬಲ್ಲದು ಎಂದು 1921ರಲ್ಲಿ ಆಟೊ ಲೋವಿ ಕಪ್ಪೆಯ ಹೃದಯದ ಮೇಲೆ ತೋರಿಸಿದರು. ಆ ರಾಸಾಯನಿಕ ಅಸಿಟೈಲ್‌ಕೋಲಿನ್. 1936ರಲ್ಲಿ ಹೆನ್ರಿ ಡೇಲ್ ಜೊತೆ ಅವರಿಗೆ ನೊಬೆಲ್ ಬಂತು.

ನರವು ಸ್ನಾಯುವನ್ನು ಸೇರುವಲ್ಲೂ ಇದೇ ಅಸಿಟೈಲ್‌ಕೋಲಿನ್ ಕೆಲಸ ಮಾಡುತ್ತದೆ. ಅಲ್ಲಿ ಮೂರು ಪಾತ್ರಧಾರಿಗಳು: ರಾಸಾಯನಿಕವನ್ನು ಬಿಡುವ ನರತುದಿ, ಅದನ್ನು ಹಿಡಿಯುವ ಸ್ನಾಯುವಿನ ಗ್ರಾಹಕ, ಕೆಲಸವಾದ ಕೂಡಲೇ ಅದನ್ನು ಒಡೆದು ಜಾಗ ತೆರವು ಮಾಡುವ ಕಿಣ್ವ. ಮೂರೂ ಮನದಟ್ಟಾಗಬೇಕಾದರೆ ನಮ್ಮ ಕಾಡು, ಗದ್ದೆಗಳಲ್ಲಿರುವ ಮೂರು ವಿಷಗಳನ್ನು ಪಕ್ಕಪಕ್ಕ ಇಟ್ಟು ನೋಡಿ.

ನಾಗರಹಾವಿನ ವಿಷ ಮುಖ್ಯವಾಗಿ ಗ್ರಾಹಕಕ್ಕೆ ಹೋಗಿ ಕೂರುತ್ತದೆ. ನರ ರಾಸಾಯನಿಕ ಬಿಟ್ಟರೂ ಹಿಡಿಯುವವರಿಲ್ಲ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಇದೇ ಟೋಸಿಸ್. ಆಮೇಲೆ ನುಂಗಲಾಗದು, ಕೊನೆಗೆ ಉಸಿರಾಟದ ಸ್ನಾಯು ನಿಲ್ಲುತ್ತದೆ.

ಕಟ್ಟುಹಾವಿನ ವಿಷ ಬಿಡುವ ತುದಿಯನ್ನೇ ಕೆಡಿಸುತ್ತದೆ. ಈ ಹಾವು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ನೋವು, ಬಾವು ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವೆಂದು ಏಳುತ್ತಾರೆ, ಆಮೇಲೆ ರೆಪ್ಪೆ ಎತ್ತಲಾಗುವುದಿಲ್ಲ. ನಿಯೊಸ್ಟಿಗ್ಮಿನ್ ಎಂಬ ಔಷಧಿ ನಾಗರಹಾವಿನ ಕಡಿತದಲ್ಲಿ ಕೆಲಸ ಮಾಡಿ, ಕಟ್ಟುಹಾವಿನದರಲ್ಲಿ ಅಷ್ಟಾಗಿ ಮಾಡದಿರುವುದು ಯಾಕೆ? ಆ ಔಷಧಿ ಒಡೆಯುವ ಕಿಣ್ವವನ್ನು ತಡೆದು ಅಸಿಟೈಲ್‌ಕೋಲಿನ್ನನ್ನು ಹೆಚ್ಚು ಹೊತ್ತು ಉಳಿಸುತ್ತದೆ. ಬಿಡುವ ತುದಿಯೇ ಕೆಟ್ಟಿದ್ದರೆ ಉಳಿಸಲು ಏನಿದೆ?

ಮೂರನೆಯದು ಹೊಲಕ್ಕೆ ಹೊಡೆಯುವ ಆರ್ಗನೊಫಾಸ್ಫೇಟ್ ಕೀಟನಾಶಕ. ಅದು ತೆರವು ಮಾಡುವ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ತುಂಬಿ ತುಳುಕಿ, ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಸಾಸಿವೆಯಷ್ಟು ಸಣ್ಣದಾದ ಪಾಪೆ. ಆಸ್ಪತ್ರೆಯಲ್ಲಿ ಕೊಡುವ ಅಟ್ರೋಪಿನ್ ಜೊಲ್ಲುಗ್ರಂಥಿ, ಹೃದಯ, ಶ್ವಾಸನಾಳಗಳ ಗ್ರಾಹಕಗಳನ್ನು ಮುಚ್ಚುತ್ತದೆ.

ಬಿಡುವ ತುದಿ ಪ್ರೀಸಿನಾಪ್ಟಿಕ್, ಹಿಡಿಯುವ ಗ್ರಾಹಕ ಇರುವ ಕಡೆ ಪೋಸ್ಟ್‌ಸಿನಾಪ್ಟಿಕ್, ಒಡೆಯುವ ಕಿಣ್ವ ಅಸಿಟೈಲ್‌ಕೋಲಿನೆಸ್ಟರೇಸ್ — ಐದು ಪದಗಳು ಒಂದೇ ಚಿತ್ರದಲ್ಲಿ ಬಂದವು. ಈ ಚಿತ್ರವನ್ನು ನಿಮ್ಮ ಕೈಯಿಂದ ಬರೆದು ಮೂರು ವಿಷಗಳನ್ನು ಮೂರು ಬಣ್ಣದಲ್ಲಿ ಗುರುತು ಮಾಡಿ. ಮನೆಯವರಿಗೂ ತೋರಿಸಿ: ಹಾವು ಕಚ್ಚಿದಾಗ ಮದ್ದು ಕಟ್ಟಿಸಲು ಊರೂರು ಅಲೆಯದೆ ನೇರ ಆಸ್ಪತ್ರೆಗೆ ಯಾಕೆ ಹೋಗಬೇಕು ಎಂದು ಅದರಿಂದಲೇ ಹೇಳಬಹುದು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ತಯಾರಾದದ್ದು. ಕಾಳಿಂಗ ಸರ್ಪ ಆ ಪಟ್ಟಿಯಲ್ಲಿಲ್ಲ. ಜೋಯಿಡಾದ ಕಾಡಿನಂಚಿನಲ್ಲಿ ಇರುವವರಿಗೆ ಇದೂ ತಿಳಿದಿರಲಿ.

8. ಸ್ವಾಯತ್ತ ನರವ್ಯೂಹವನ್ನು ಗಣೇಶಗುಡಿಯಲ್ಲಿ ಓದಿ

ಗಣೇಶಗುಡಿಯ ಬಳಿ ಕಾಳಿ ನದಿಯಲ್ಲಿ ರ‍್ಯಾಫ್ಟ್ ಇಳಿಜಾರಿಗೆ ಬರುವ ಹೊತ್ತಿಗೆ ಎದೆ ಡವಗುಟ್ಟುತ್ತದೆ, ಬಾಯಿ ಒಣಗುತ್ತದೆ, ಪಾಪೆ ಹಿಗ್ಗುತ್ತದೆ, ಹಸಿವು ಮರೆತುಹೋಗುತ್ತದೆ: ಸಿಂಪಥೆಟಿಕ್. ದಡಕ್ಕೆ ಬಂದು ಬಟ್ಟೆ ಬದಲಿಸಿ ಊಟಕ್ಕೆ ಕೂತಾಗ ಎದೆಬಡಿತ ಇಳಿಯುತ್ತದೆ, ಬಾಯಲ್ಲಿ ನೀರೂರುತ್ತದೆ: ಪ್ಯಾರಾಸಿಂಪಥೆಟಿಕ್. ಎರಡು ಕಾಲಂ ಹಾಕಿ ಬರೆದುಕೊಂಡರೆ ಮುಗಿಯಿತು.

9. ಮೆದುಳಿನ ಭಾಗವನ್ನು ಅದು ಕೆಟ್ಟಾಗ ಆಗುವ ತೊಂದರೆಯಿಂದ ನೆನಪಿಡಿ

ಹಣೆಯ ಹಿಂದಿನ ಫ್ರಾಂಟಲ್ ಹಾಲೆ ಕೆಟ್ಟರೆ ಚಲನೆ, ಯೋಜನೆ, ಸಂಯಮ ಹೋಗುತ್ತದೆ. ನೆತ್ತಿಯ ಪೆರೈಟಲ್ ಕೆಟ್ಟರೆ ಸ್ಪರ್ಶಜ್ಞಾನ, ಕಿವಿಯ ಬಳಿಯ ಟೆಂಪೊರಲ್ ಕೆಟ್ಟರೆ ಕೇಳಿದ್ದರ ಅರ್ಥ ಮತ್ತು ನೆನಪು, ಹಿಂದಲೆಯ ಆಕ್ಸಿಪಿಟಲ್ ಕೆಟ್ಟರೆ ಕಣ್ಣು ಚೆನ್ನಾಗಿದ್ದೂ ಕಾಣದು. ಅನುಮಸ್ತಿಷ್ಕ ಕೆಟ್ಟರೆ ನಡಿಗೆ ತೂರಾಡುತ್ತದೆ. ಮೆಡುಲ್ಲಾ ಕೆಟ್ಟರೆ ಉಸಿರು, ಎದೆಬಡಿತಕ್ಕೇ ಅಪಾಯ.

ಊರಲ್ಲಿ ಯಾರಿಗಾದರೂ ಲಕ್ವ ಹೊಡೆದಿದ್ದರೆ ಯಾವ ಪಕ್ಕ, ಮಾತು ಹೋಗಿತ್ತೇ ಎಂದು ಮನೆಯವರನ್ನು ಮರ್ಯಾದೆಯಿಂದ ಕೇಳಿ. ಬಲಗೈ, ಬಲಗಾಲಿನ ಜೊತೆ ಮಾತೂ ಹೋಗಿದ್ದರೆ ಪೆಟ್ಟು ಬಿದ್ದದ್ದು ಎಡ ಅರ್ಧಗೋಳಕ್ಕೆ. ಬಹುಪಾಲು ಜನರ ಮಾತಿನ ಕೇಂದ್ರಗಳಾದ ಬ್ರೋಕ, ವರ್ನಿಕ್ ಅಲ್ಲೇ ಇವೆ. ಇದನ್ನು ಓದುವಾಗಲೇ ಇನ್ನೊಂದನ್ನೂ ಕಲಿತುಬಿಡಿ: ಮುಖ ಸೊಟ್ಟಗಾದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ತಡಮಾಡಬಾರದು. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಜೋಯಿಡಾದ ಒಳಹಳ್ಳಿಯಿಂದ ಹುಬ್ಬಳ್ಳಿಯೋ ಬೆಳಗಾವಿಯೋ ಮುಟ್ಟಲು ಅದರಲ್ಲಿ ಬಹುಪಾಲು ಹೊತ್ತು ರಸ್ತೆಯಲ್ಲೇ ಹೋಗಬಹುದು.

10. ಭಿಕ್ಷುಗಳ ಹಾಗೆ ಎದ್ದು ನಿಂತು ಕೇಳಿ, ಕೂತು ಉತ್ತರಿಸಿ

ಮುಂಡಗೋಡದ ಲಾಮಾ ಕ್ಯಾಂಪಿನಲ್ಲಿ ಮಠದ ಅಂಗಳದ ವಾದವನ್ನು ಒಮ್ಮೆ ನೋಡಿ ಬನ್ನಿ. ಒಬ್ಬರು ನೆಲದ ಮೇಲೆ ಕೂತಿರುತ್ತಾರೆ. ಇನ್ನೊಬ್ಬರು ಎದುರು ನಿಂತು, ಪ್ರಶ್ನೆ ಮುಗಿಯುವಾಗ ಕಾಲು ಮುಂದಿಟ್ಟು ಚಪ್ಪಾಳೆ ತಟ್ಟುತ್ತಾರೆ. ಉತ್ತರ ತಕ್ಷಣ ಬರಬೇಕು, ಬಂದ ಉತ್ತರದಿಂದಲೇ ಮುಂದಿನ ಪ್ರಶ್ನೆ. ಸುಮ್ಮನೆ ಓದಿಕೊಂಡವರು ಅಲ್ಲಿ ನಿಲ್ಲಲಾರರು.

ನೀವೂ ಇಬ್ಬರು ಸೇರಿ ಹೀಗೇ ಮಾಡಿ. ‘ಎಲ್ಲ ನರವೂ ಮೆದುಳಿಂದಲೇ ಹೊರಡ್ತದಾ?’ ‘ಇಲ್ಲ, 31 ಜೋಡಿ ಬೆನ್ನುಹುರಿಯಿಂದ.’ ‘ಹಾಗಾದ್ರೆ ಬೆನ್ನುಹುರಿ ಕೇಂದ್ರ ನರವ್ಯೂಹದ ಭಾಗವಾ, ಪರಿಧಿಯದಾ?’ ‘ಕೇಂದ್ರದ್ದು.’ ‘ಅಲ್ಲಿಂದ ಹೊರಟ ನರ?’ ‘ಪರಿಧಿಯದು.’ ಕನ್ನಡದಲ್ಲೇ ವಾದ ಮಾಡಿ, ಪದ ಮಾತ್ರ ಎರಡೂ ಭಾಷೆಯಲ್ಲಿ ಹೇಳಿ. ನರ್ಸಿಂಗ್ ಓದುವವರು ಜನರ ಮಾತನ್ನೂ ಸೇರಿಸಿಕೊಳ್ಳಬೇಕು: ಜೋಮು ಎಂದರೆ ಪ್ಯಾರಸ್ತೀಸಿಯ, ತಲೆ ತಿರುಗುತ್ತದೆ ಎಂದರೆ ವರ್ಟಿಗೊ, ಫಿಟ್ಸ್ ಎಂದರೆ ಸೀಜರ್. ರೋಗಿ ಹೇಳಿದ್ದು ಕೇಸ್‌ಶೀಟಿಗೆ ಸರಿಯಾಗಿ ಇಳಿಯಬೇಕಾದರೆ ಎರಡೂ ಬೇಕು.

11. ಮೆದುಳನ್ನು ಕಣ್ಣಾರೆ ನೋಡಿ

ಬೆಂಗಳೂರಿಗೆ ಹೋದರೆ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಹೋಗಿ. ದಾನವಾಗಿ ಬಂದ ನಿಜವಾದ ಮಾನವ ಮೆದುಳುಗಳು ಅಲ್ಲಿವೆ. ಅಷ್ಟು ದೂರ ಆಗದಿದ್ದರೆ, ಮಾಂಸ ಮುಟ್ಟುವ ಮನೆಯವರು ಮಟನ್ ಅಂಗಡಿಯಲ್ಲಿ ಆಡಿನ ಭೇಜಾ ಒಡೆಯದಂತೆ ತೆಗೆದುಕೊಡಲು ಹೇಳಿ. ಫ್ರೀಜರಿನಲ್ಲಿ ಸ್ವಲ್ಪ ಗಟ್ಟಿ ಮಾಡಿ, ತಟ್ಟೆಯಲ್ಲಿಟ್ಟು ನೀರು ಬಿಡಿ. ಮೇಲೆ ರಕ್ತನಾಳಗಳ ಜಾಲದ ಜೊತೆ ಅಂಟಿಕೊಂಡ ತೆಳು ಪೊರೆ ಪಯಾ ಮೇಟರ್. ಎರಡು ಅರ್ಧಗೋಳ, ಮಡಿಕೆಗಳಾದ ಗೈರಸ್, ನಡುವಿನ ಸಂದುಗಳಾದ ಸಲ್ಕಸ್, ಹಿಂದೆ ಅನುಮಸ್ತಿಷ್ಕ, ಅದರ ಕೆಳಗೆ ಮೆದುಳಿನ ಕಾಂಡ. ಮುಂದಿನ ತುದಿಯಲ್ಲಿ ಕೆಳಗಡೆ ಎರಡು ಆಲ್ಫ್ಯಾಕ್ಟರಿ ಬಲ್ಬ್. ವಾಸನೆಯ ಕೆಲಸ ಅವುಗಳದು, ಆಡಿನಲ್ಲಿ ನಮಗಿಂತ ದೊಡ್ಡವು.

ಈಗ ಹರಿತವಾದ ಚಾಕುವಿನಿಂದ ನಡುವೆ ಉದ್ದಕ್ಕೆ ಸೀಳಿ. ಅನುಮಸ್ತಿಷ್ಕದೊಳಗೆ ಬಿಳಿ ಗೆರೆಗಳು ಮರದಂತೆ ಕವಲೊಡೆದಿರುತ್ತವೆ, ಅದಕ್ಕೇ ಆರ್ಬರ್ ವೀಟೆ ಎಂದು ಹೆಸರು. ಎರಡು ಅರ್ಧಗೋಳಗಳನ್ನು ಬೆಸೆದ ಬಿಳಿ ಪಟ್ಟಿ ಕಾರ್ಪಸ್ ಕಲೋಸಮ್. ಒಂದು ಅರ್ಧವನ್ನು ಅಡ್ಡಕ್ಕೆ ಕೊಯ್ದರೆ ಅಂಚಿನಲ್ಲಿ ಬೂದು, ಒಳಗೆ ಬಿಳಿ: ಬೂದು ಭಾಗದಲ್ಲಿ ನರಕೋಶಗಳ ಒಡಲು, ಬಿಳಿ ಭಾಗದಲ್ಲಿ ಮಯಲಿನ್ ಹೊದ್ದ ಎಳೆಗಳು. ಬೆನ್ನುಹುರಿಯ ತುಂಡು ಸಿಕ್ಕಿದರೆ ಅಡ್ಡ ಕೊಯ್ದು ನೋಡಿ, ಅಲ್ಲಿ ಬೂದು ಒಳಗೆ, ಬಿಳಿ ಹೊರಗೆ. ಕಡ್ಡಿಗಳಿಗೆ ಚೀಟಿ ಅಂಟಿಸಿ ಒಂದೊಂದು ಭಾಗಕ್ಕೂ ಚುಚ್ಚಿ, ಒಂದು ಬದಿ ಕನ್ನಡದ ಹೆಸರು, ಇನ್ನೊಂದು ಬದಿ ಇಂಗ್ಲಿಷಿನ ಹೆಸರು ಬರೆಯಿರಿ. ಫೋಟೊ ತೆಗೆದು ಸಹಪಾಠಿಗಳಿಗೆ ಕಳಿಸಿ, ಕೈ ಸೋಪಿನಲ್ಲಿ ತೊಳೆದುಕೊಳ್ಳಿ.